ಎರಡು ತುದಿಗೂ ಗೋಡೆ ಕಟ್ಟಿದ ಸೇತುವೆ

ಸೇತುವೆಗಳನ್ನು ಪರೀಕ್ಷಿಸಿ ವರದಿ ಬರೆಯುವುದು ನನ್ನ ಕೆಲಸ. ಹುಬ್ಬಳ್ಳಿ ಕಡೆಯಿಂದ ಬಂದು ಬ್ಯಾಟರಾಯನಪುರದಲ್ಲಿ ಬಾಡಿಗೆ ಮನೆ ಹಿಡಿದು ಹದಿನಾರು ವರ್ಷವಾಯಿತು. ಕಚೇರಿ ಹೆಬ್ಬಾಳದಲ್ಲಿ. ನಾನು ನೋಡುವುದು ಹೆಚ್ಚಾಗಿ ಕಾಂಕ್ರೀಟಿನ ಸೇತುವೆಗಳನ್ನೇ. ಒಂದು ವರ್ಷ ಮಾತ್ರ ಮಾಕಳಿಯಿಂದಾಚೆಗಿನ ಹಳ್ಳಿಗಳಲ್ಲಿ ಉಳಿದಿದ್ದ ಹಳೇ ಕಬ್ಬಿಣದ ಸೇತುವೆಗಳನ್ನು ನೋಡುವ ಕೆಲಸ ನಮ್ಮ ಕಚೇರಿಗೆ ಬಂತು.

ಮೂರನೆಯ ಸೇತುವೆ ಎಲ್ಲಕ್ಕಿಂತ ಒಳಗಿತ್ತು. ರಾಗಿ ಹೊಲ, ಹೂವಿನ ತೋಟ ದಾಟಿ ಮಣ್ಣಿನ ರಸ್ತೆಯಲ್ಲಿ ಹೋದರೆ ಒಂದು ಹಳ್ಳ. ಅದರ ಮೇಲೆ ಆ ಸೇತುವೆ. ಕಬ್ಬಿಣದ ಪಟ್ಟಿಗಳನ್ನು ಓರೆಯಾಗಿ, ತ್ರಿಕೋನ ತ್ರಿಕೋನವಾಗಿ ಜೋಡಿಸಿ ಎರಡೂ ಬದಿಗೆ ಆಳೆತ್ತರ ನಿಲ್ಲಿಸಿದ್ದರು. ವೆಲ್ಡಿಂಗ್ ಎಲ್ಲಿಯೂ ಇಲ್ಲ, ಎಲ್ಲ ಕಾಯಿಸಿ ಬಡಿದು ಕೂರಿಸಿದ ರಿವೆಟ್ಟು ಮೊಳೆಗಳು. ಕೆಳಗಿನ ಮೂಲೆಗಳಲ್ಲಿ ಮಾತ್ರ ಪಟ್ಟಿಗಳನ್ನು ಹಿಡಿದಿಡುವ ಮುಷ್ಟಿ ದಪ್ಪದ ಪಿನ್ನುಗಳು. ಕಾಲೇಜಿನಲ್ಲಿ ಪುಸ್ತಕದ ಚಿತ್ರದಲ್ಲಿ ನೋಡಿದ್ದನ್ನು ಕೈಯಲ್ಲಿ ಮುಟ್ಟಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಟೇಪು ಬಿಚ್ಚದೆ ಸುಮ್ಮನೆ ನಿಂತಿದ್ದೆ.

ಆಗ ಮೊಪೆಡ್ಡಿನ ಮೇಲೆ ಸೊಪ್ಪಿನ ಹೊರೆ ಹೇರಿಕೊಂಡು ಒಬ್ಬ ರೈತರು ಬಂದರು. ಅರವತ್ತು ದಾಟಿದವರು. ನನ್ನನ್ನು ನೋಡಿ ಗಾಡಿ ನಿಲ್ಲಿಸಿದರು.

"ಏನ್ ಮೇಡಮ್ಮೋರೆ, ಸೇತ್ವೆ ಅಳೀತಿದೀರಾ? ಇಷ್ಟ್ ವರ್ಸಕ್ಕೆ ಯಾರೂ ಬಂದಿರ್ಲಿಲ್ಲ."

"ಗಟ್ಟಿ ಐತೋ ಇಲ್ಲೋ ನೋಡಾಕ ಬಂದೀನ್ರಿ," ಎಂದೆ.

"ಓ, ಉಬ್ಳಿ ಕಡೆಯೋರು!" ಎಂದು ನಕ್ಕರು. ಅವರ ಮನೆ ಹಳ್ಳದ ಈಚೆ, ಹೊಲ ಆಚೆ. ಹುಟ್ಟಿದಾಗಿನಿಂದ ದಿನಕ್ಕೆ ನಾಲ್ಕು ಸಲ ಆ ಸೇತುವೆ ದಾಟಿದವರು. "ಗಟ್ಟಿ ಐತೆ. ಒಂದ್ ಮೂಲೆ ಮಾತ್ರ ಸರಿ ಇಲ್ಲ. ಆಲಿನ್ ವ್ಯಾನ್ ಓದಾಗ ಟೊಕ್ ಅಂತದೆ. ಬನ್ನಿ, ತೋರುಸ್ತೀನಿ."

ಕುಡುಗೋಲು ತೆಗೆದುಕೊಂಡು ಮುಂದೆ ಇಳಿದರು. ಮುಳ್ಳುಪೊದೆ ಸವರಿ ನನಗೆ ದಾರಿ ಮಾಡಿದರು. ಆ ಮೂಲೆಯ ಸುತ್ತ ಮಣ್ಣು ಮೆತ್ತಿಕೊಂಡು ಗಿಡ ಬೆಳೆದಿತ್ತು. ಅಲ್ಲೊಂದು ಜೋಡಣೆ ಇದೆಯೆಂಬುದೇ ಮೇಲಿನಿಂದ ಕಾಣುತ್ತಿರಲಿಲ್ಲ. ಅವರು ಬಾರದಿದ್ದರೆ ನಾನು ಅತ್ತ ಹೋಗುತ್ತಲೂ ಇರಲಿಲ್ಲ. ಮಣ್ಣು ಕೆರೆದು ಸುತ್ತಿಗೆಯಿಂದ ತಟ್ಟಿದೆ. ಕಬ್ಬಿಣ ಹಪ್ಪಳದಂತೆ ಪದರ ಪದರವಾಗಿ ಉದುರಿತು. ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ತೆಗೆದೆ.

"ರಿಪೇರಿ ಮಾಡ್ತಾರಾ ಮೇಡಮ್ಮೋರೆ?"

"ಮಾಡ್ತಾರ್ರಿ. ಅದಕ್ಕಂತನ ಅಲ್ಲೇನ್ರಿ ನಾವು ಬರೂದು?"

ಈ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂಬುದನ್ನು ಆಮೇಲೆ ಎಷ್ಟೋ ಸಲ ನೆನೆದಿದ್ದೇನೆ. ಅವರಿಗೆ ಖುಷಿಯಾಯಿತು. ಹೊರೆಯಿಂದ ಎರಡು ಕಟ್ಟು ದಂಟಿನ ಸೊಪ್ಪು ತೆಗೆದು ಕೊಟ್ಟರು. ನನ್ನ ನಂಬರು ಕೇಳಿದರು, ಕೊಟ್ಟೆ. ಅವರ ನಂಬರನ್ನು 'ಸೇತುವೆ ರೈತರು' ಎಂದು ಉಳಿಸಿಕೊಂಡೆ.

ವರದಿಯ ಕೊನೆಗೆ ಎರಡು ಸಾಲು ಬರೆದೆ: ಆ ಮೂಲೆಯನ್ನು ಬಿಚ್ಚಿ ಹೊಸ ಪಿನ್ನು ಹಾಕಿ ಬಲಪಡಿಸಬೇಕು, ಇಲ್ಲವೇ ಸಂಚಾರ ನಿಲ್ಲಿಸಬೇಕು. ಎರಡನೆಯ ಸಾಲು ಬರೆಯುವುದು ನಮ್ಮಲ್ಲಿ ರೂಢಿ. ಓದಿದವರಿಗೆ ಅದೇ ಸುಲಭವಾಗಿ ಕಂಡಿತು.

ಎರಡು ತಿಂಗಳ ಮೇಲೆ ಅವರ ಫೋನು ಬಂತು.

"ಮೇಡಮ್ಮೋರೆ, ಸೇತ್ವೆ ಎಲ್ಡೂ ಕಡೆ ಗ್ವಾಡೆ ಕಟ್ತಾವ್ರೆ. ರಿಪೇರಿ ಅಂದ್ರಲ್ಲ?"

"ಮೊದಲ ಬಂದ್ ಮಾಡ್ತಾರ್ರಿ. ಆಮ್ಯಾಲೆ ರಿಪೇರಿ," ಎಂದೆ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಫೋನಿಟ್ಟ ಮೇಲೆ ನಮ್ಮ ಮುಖ್ಯಸ್ಥರ ಬಳಿ ಹೋಗಿ ಕೇಳಿದೆ. "ನಮ್ ಕೆಲ್ಸ ರಿಪೋರ್ಟ್ ಕೊಡೋದು, ಕೊಟ್ವಿ. ಮುಂದಿಂದು ಇಲಾಖೆಯವ್ರಿಗೆ ಬಿಡಿ ಮೇಡಂ," ಎಂದರು. ಅವರು ಒಳ್ಳೆಯವರೇ. ನನಗೂ ಹೆಚ್ಚು ಕೇಳುವ ಮನಸ್ಸಿರಲಿಲ್ಲ.

ಇನ್ನೊಂದು ಸಲ ಆ ರೈತರು ಫೋನು ಮಾಡಿದಾಗ ನಾನು ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸಿನಲ್ಲಿದ್ದೆ. ಬಸ್ಸು ಅರ್ಧ ಗಂಟೆಯಿಂದ ಅಲುಗಿರಲಿಲ್ಲ. ಮಾತಾಡಲು ಬೇಕಾದಷ್ಟು ಸಮಯವಿತ್ತು. ಪರದೆಯ ಮೇಲೆ 'ಸೇತುವೆ ರೈತರು' ಎಂದು ಕಂಡಿತು. ಬೈಯುತ್ತಾರೆ ಎಂದುಕೊಂಡು ಫೋನನ್ನು ಚೀಲದೊಳಗೆ ಹಾಕಿದೆ. ಅದು ನಿಲ್ಲುವವರೆಗೂ ಬಡಿದುಕೊಂಡಿತು. ಪಕ್ಕದಲ್ಲಿ ಕೂತ ಹೆಂಗಸು ನನ್ನ ಮುಖ ನೋಡಿದಳು. ಮತ್ತೆ ಅವರು ಮಾಡಲಿಲ್ಲ, ನಾನೂ ಮಾಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಸೇತುವೆಯನ್ನು ಕಳಚುತ್ತಾರೆಂದೂ, ಫೋಟೋ ದಾಖಲೆಗೆ ಯಾರಾದರೂ ಬರಬೇಕೆಂದೂ ಕಚೇರಿಗೆ ಪತ್ರ ಬಂತು. ನಾನೇ ಹೋಗುತ್ತೇನೆಂದೆ.

ಹೋಗುವಷ್ಟರಲ್ಲಿ ಗೋಡೆ ಒಡೆದಿದ್ದರು. ಇಬ್ಬರು ಗ್ಯಾಸ್ ಕಟರ್ ಹಿಡಿದು ಪಟ್ಟಿಗಳನ್ನು ಕೊಯ್ಯುತ್ತಿದ್ದರು, ಕ್ರೇನು ಒಂದೊಂದೇ ತುಂಡನ್ನು ಎತ್ತಿ ಲಾರಿಗೆ ಹಾಕುತ್ತಿತ್ತು. ನಾನು ನೇರವಾಗಿ ಆ ಮೂಲೆಗೆ ಇಳಿದೆ. ಹೊರಬಂದ ಪಿನ್ನು ಮಣ್ಣಿನ ಮೇಲೆ ಬಿದ್ದಿತ್ತು. ಮುಷ್ಟಿ ದಪ್ಪ ಇರಬೇಕಾದದ್ದು ನಡುವೆ ಹೆಬ್ಬೆರಳಿನಷ್ಟೂ ಉಳಿದಿರಲಿಲ್ಲ. ನಾನು ಬರೆದದ್ದು ಸರಿಯಿತ್ತು. ಎದೆ ಹಗುರಾಯಿತು. ಯಾರಿಗಾದರೂ ತೋರಿಸಬೇಕೆನ್ನಿಸಿ ಸುತ್ತ ನೋಡಿದೆ.

ದಡದ ಮೇಲೆ ಒಬ್ಬ ಹೆಂಗಸು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತಿದ್ದರು.

"ನೀವೇನಾ ಉಬ್ಳಿ ಮೇಡಮ್ಮು?" ಎಂದರು.

ರೈತರ ಹೆಂಡತಿ ಎಂದು ಗೊತ್ತಾಯಿತು. ರೈತರು ಎಲ್ಲಿದ್ದಾರೆಂದು ಕೇಳಿದೆ.

"ತೀರ್ಕಂಡ್ರು. ಯುಗಾದಿ ಆಗಿ ವಾರಕ್ಕೆ."

ಆಕೆಯೇ ಹೇಳಿದರು. ಬೆಳಗಿನ ಹೊತ್ತು ಹೊಲದಲ್ಲಿ ನೀರು ಕಟ್ಟುವಾಗ ಎದೆ ಹಿಡಿದುಕೊಂಡು ಕೂತುಬಿಟ್ಟರಂತೆ. ಕರೆಸಿದ ಆಟೋ ಈಚೆ ದಡದ ಗೋಡೆಯ ಹತ್ತಿರವೇ ನಿಲ್ಲಬೇಕಾಯಿತು.

"ಸುತ್ತಾಕ್ಕಂಡು ಬರೋಕೆ ಒತ್ತಾಯ್ತದೆ ಅಂತ ನಾಕ್ ಜನ ಎತ್ಕಂಡು, ಗ್ವಾಡೆ ದಾಟ್ಸಿ, ಸೇತ್ವೆ ಮೇಲೇ ತಂದ್ರು. ಅರ್ಧ ದಾರಿಲಿ ಕಣ್ ಬುಟ್ರು. 'ಎಲ್ರೂ ಒಟ್ಗೆ ಓಗ್ಬೇಡ್ರೋ, ಆ ಮೂಲೆ ತಡೆಯಲ್ಲ. ನನ್ನ ಇಳ್ಸಿ, ಒಬ್ಬೊಬ್ರೇ ದಾಟಿ' ಅಂದ್ರು. ಅಷ್ಟೇ ಮೇಡಮ್ಮು, ಆಮೇಲೆ ಮಾತಿಲ್ಲ."

"ಇಳಿಸಿದ್ರೇನ್ರಿ?"

"ಎಲ್ಲಿ ಇಳ್ಸಾರು? ಓಡುದ್ರು."

ನಾನು ಪಿನ್ನಿನ ಕಡೆ ಕೈ ತೋರಿಸಿ, ಮೂಲೆ ನಿಜಕ್ಕೂ ಸವೆದುಹೋಗಿತ್ತು ಎಂದೆ. ಯಾಕೆ ಹೇಳಿದೆನೋ. ಅವರು ಅತ್ತ ನೋಡಲೂ ಇಲ್ಲ. "ಅವರ್ಗೆ ಗೊತ್ತಿತ್ತಲ್ಲ," ಎಂದರು.

ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಆ ಫೋನಿನ ಮಾತನ್ನು ನಾನೇ ತೆಗೆದೆ. ಒಂದು ಸಲ ಮಾಡಿದ್ದರು, ನಾನು ಎತ್ತಲಿಲ್ಲ, ಸಿಟ್ಟಾಗಿದ್ದರೇನೋ ಎಂದೆ.

"ಸಿಟ್ಟಾ? ಅವರ್ಗಾ?" ಆಕೆ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. "ಸೇವಂತ್ಗೆ ಬೋ ಚೆಂದಾಗಿ ಬಂದಿತ್ತು. ಮೇಡಮ್ಮೋರ್ಗೆ ಒಂದಷ್ಟು ಕೊಡಾನ, ಮಾಕ್ಳಿ ತಾವ ಬತ್ತಾರೇನೋ ಕೇಳ್ತೀನಿ ಅಂದಿದ್ರು. ನೀವು ಎತ್ನಿಲ್ಲ. ಏನ್ ಕೆಲ್ಸಾನೋ ಪಾಪ, ಅಂದ್ರು."

ಕ್ರೇನಿನ ಸದ್ದಿನಲ್ಲಿ ನಾನು ಏನು ಹೇಳಿದೆನೋ ಆಕೆಗೆ ಕೇಳಿಸಿರಲಾರದು. ಸಂಜೆಯ ಹೊತ್ತಿಗೆ ಹಳ್ಳದ ಎರಡೂ ದಡದಲ್ಲಿ ಕಲ್ಲಿನ ಕಟ್ಟೆಗಳು ಮಾತ್ರ ಉಳಿದವು. ಫೋಟೋ ತೆಗೆದು, ಕಾಗದಕ್ಕೆ ಸಹಿ ಹಾಕಿ ಹೊರಟೆ. ಕಬ್ಬಿಣ ಹೊತ್ತ ಲಾರಿ ತುಮಕೂರು ರಸ್ತೆಯವರೆಗೂ ನಮ್ಮ ಜೀಪಿನ ಮುಂದೆಯೇ ಹೋಯಿತು.

ಹೊಸ ಸೇತುವೆ ಬರಲಿಲ್ಲ. ಹಳ್ಳಕ್ಕೆ ದಪ್ಪ ಪೈಪುಗಳನ್ನು ಹಾಕಿ ಮೇಲೆ ಮಣ್ಣು ಸುರಿದು ದಾರಿ ಮಾಡಿದರು. ಕಳೆದ ಮಳೆಗಾಲದಲ್ಲಿ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಜೀಪು ತಿರುಗಿಸಿ ನೋಡಲು ಹೋದೆ. ಹಿಂದಿನ ದಿನ ಜೋರು ಮಳೆಯಾಗಿತ್ತು. ಪೈಪುಗಳು ಮುಳುಗಿ ಮಣ್ಣಿನ ದಾರಿಯ ಮೇಲೆ ನೀರು ಹರಿಯುತ್ತಿತ್ತು. ಆಚೆ ದಡದಲ್ಲಿ, ಹೊಲದಿಂದ ಮನೆಗೆ ಹೊರಟಿದ್ದ ಆ ರೈತರ ಹೆಂಡತಿ ಹುಲ್ಲಿನ ಹೊರೆಯನ್ನು ಪಕ್ಕಕ್ಕಿಟ್ಟು ಕಲ್ಲಿನ ಮೇಲೆ ಕೂತಿದ್ದರು. ನನ್ನನ್ನು ಗುರುತಿಸಿ ಕೈಯೆತ್ತಿದರು.

"ಏನ್ ಮಾಡ್ತೀರ್ರಿ ಈಗ?" ಎಂದು ಕೂಗಿ ಕೇಳಿದೆ.

"ನೀರ್ ಇಳೀಲಿ ಅಂತ ಕುಂತಿವ್ನಿ. ನೀವು ಓಗಿ ಮೇಡಮ್ಮು, ಮತ್ತೆ ಮೋಡ ಆಯ್ತಾ ಐತೆ."

ಸ್ವಲ್ಪ ಹೊತ್ತು ಈಚೆ ನಿಂತೆ. ನೀರು ಇಳಿಯುವ ಹಾಗೆ ಕಾಣಲಿಲ್ಲ. ಹನಿ ಬೀಳತೊಡಗಿತು. ಆಕೆ ಇನ್ನೂ ಕೂತೇ ಇದ್ದರು. ನಾನು ಜೀಪು ಹತ್ತಿದೆ.