ಎರಡನೆಯದು ಕೂದಲೆಳೆ ಕೆಳಗೆ

ವಸಂತಕ್ಕ, ಆವತ್ತು ನಿಮ್ಮ ಕಿವಿ ಸರಿಯಾಗಿಯೇ ಇತ್ತು. ತಪ್ಪು ಮಾಡಿದ್ದು ನಾನು. ತಪ್ಪು ನನ್ನದು ಅಂತ ಗೊತ್ತಾದ ಮೇಲೂ ನಿಮ್ಮ ಕೈಯಡುಗೆ ಉಂಡು, ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳಿದವಳೂ ನಾನೇ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೋದರೆ ಮತ್ತೆ ನುಣುಚಿಕೊಳ್ಳುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತು ಅದು. ದಾವಣಗೆರೆಯಿಂದ ಅಹಮದಾಬಾದಿಗೆ ಸಂಶೋಧನೆಗೆಂದು ಬಂದಿದ್ದೆ. ಮಣಿನಗರ ಸ್ಟೇಷನ್ನಿನ ಎದುರು ನಿಮ್ಮ ಹೋಟೆಲಿನಲ್ಲಿ ಮೊದಲ ಸಲ ಸಾಂಬಾರು ಬಾಯಿಗಿಟ್ಟು ಮುಖ ಕಿವುಚಿದೆ. ನೀವು ಒಳಗಿನಿಂದಲೇ ನೋಡಿಬಿಟ್ಟಿರಿ. "ಕನ್ನಡದ ಹುಡುಗಿಯಾ? ಇಲ್ಲಿಯವರಿಗೆ ಸಕ್ಕರೆ ಹಾಕದಿದ್ದರೆ ಆಗುವುದಿಲ್ಲ ಮಾರಾಯ್ತಿ. ನಮಗೆ ಬೇರೆ ಉಂಟು, ಒಳಗೆ ಬಾ" ಅಂದಿರಿ. ಆಮೇಲೆ ನಾನು ಹೊರಗಿನ ಮೇಜಿನಲ್ಲಿ ಕೂತು ಉಂಡದ್ದೇ ಇಲ್ಲ.

ಆ ಅಡುಗೆಮನೆಯಲ್ಲೇ ನನಗೆ ನಿಮ್ಮ ಕಿವಿಯ ಪರಿಚಯವಾದದ್ದು. ಗ್ರೈಂಡರಿಗೆ ಬೆನ್ನು ಹಾಕಿ ಕೂತು ಕಾಯಿ ತುರಿಯುತ್ತಿರುವಿರಿ. ಅದರ ಸದ್ದು ತುಸು ಬದಲಾದ ಕೂಡಲೇ "ಹಿಟ್ಟಾಯ್ತು, ಬಂದ್ ಮಾಡಿ" ಅನ್ನುವಿರಿ. ಒಂದು ದಿನವೂ ಬೆರಳು ಅದ್ದಿ ನೋಡಿದವರಲ್ಲ. ಶುಕ್ರವಾರ ಸಂಜೆಯ ಭಜನೆಯಲ್ಲಿ ಶ್ರುತಿಪೆಟ್ಟಿಗೆಯ ತಿರುಗಣಿಗೆ ಕೈ ಹಾಕುವವರೂ ನೀವೇ. ಯಾರಾದರೂ ಸ್ವರ ಜಾರಿಸಿದರೆ ನಿಮ್ಮ ಎಡಹುಬ್ಬು ಮೇಲೇರುತ್ತಿತ್ತು. ನಿಮ್ಮ ಯಜಮಾನರು — ಪಾಪ, ಜಾರುವವರು ಹೆಚ್ಚಾಗಿ ಅವರೇ — ಆ ಹುಬ್ಬು ನೋಡಿಯೇ ಸರಿಮಾಡಿಕೊಳ್ಳುತ್ತಿದ್ದರು. ನನಗೆ ಅದನ್ನು ನೋಡುವುದೇ ಒಂದು ಖುಷಿ.

ನನ್ನ ಸಂಶೋಧನೆಯೂ ಅದರದ್ದೇ. ಸ್ವರ ಎಷ್ಟು ಸಣ್ಣದಾಗಿ ಬದಲಾದರೆ ಮನುಷ್ಯನ ಕಿವಿಗೆ ತಿಳಿಯುತ್ತದೆ? ಕಂಪ್ಯೂಟರಿನಲ್ಲಿ ಮಾಡಿದ ಎರಡು ಸ್ವರಗಳನ್ನು ಒಂದರ ಹಿಂದೆ ಒಂದು ಕೇಳಿಸುವುದು. ಒಂದೇನಾ, ಬೇರೆಯಾ ಅಂತ ಕೇಳಿ ಬರೆದುಕೊಳ್ಳುವುದು. ನಡುನಡುವೆ ಕೆಲವು ಜೋಡಿಗಳಲ್ಲಿ ಬೇಕೆಂದೇ ಒಂದೇ ಸ್ವರವನ್ನು ಎರಡು ಸಲ ಇಟ್ಟಿದ್ದೆ. ಅದಕ್ಕೂ "ಬೇರೆ" ಅಂದವರು ಸುಮ್ಮನೆ ಊಹಿಸುತ್ತಿದ್ದಾರೆ ಅಂತ ಲೆಕ್ಕ. ಅಂಥವರ ಉತ್ತರಗಳನ್ನೆಲ್ಲ ತೆಗೆದುಹಾಕುವುದು ನಮ್ಮಲ್ಲಿನ ಪದ್ಧತಿ.

ಪರೀಕ್ಷೆಗೆಂದು ಕಾಲೇಜಿಗೆ ಕರೆದಾಗ ಎಷ್ಟು ಸಂಭ್ರಮದಿಂದ ಬಂದಿರಿ ನೀವು! ಇಸ್ತ್ರಿ ಮಾಡಿದ ಸೀರೆ, ಮುಡಿಯಲ್ಲಿ ಹೂವು, ಹೋಟೆಲನ್ನು ಯಜಮಾನರ ತಲೆಗೆ ಕಟ್ಟಿ. "ನಾನು ಏಳನೆಯದ್ದಕ್ಕೇ ಶಾಲೆ ಬಿಟ್ಟವಳು, ನನಗೆ ಎಂತ ಪರೀಕ್ಷೆ ಮಾರಾಯ್ತಿ" ಅಂತ ನಗುತ್ತಲೇ ಹೆಡ್‌ಫೋನ್ ಹಾಕಿಸಿಕೊಂಡಿರಿ. ಉಳಿದ ಜೋಡಿಗಳಲ್ಲಿ ಎಲ್ಲೂ ಎಡವಲಿಲ್ಲ. ನಾನು ಒಂದೇ ಅಂದುಕೊಂಡಿದ್ದ ಜೋಡಿ ಬಂದಾಗೆಲ್ಲ ಮಾತ್ರ ಕಣ್ಣುಮುಚ್ಚಿ ಹೇಳಿದಿರಿ — "ಬೇರೆ. ಎರಡನೆಯದು ಕೂದಲೆಳೆ ಕೆಳಗೆ."

ಪ್ರತಿ ಸಲವೂ ಅದೇ ಮಾತು. ಎರಡನೆಯದು, ಕೆಳಗೆ. ಊಹಿಸುವವರು ಹೀಗೆ ಹೇಳುತ್ತಾರಾ? ಒಂದು ಸಲ ಮೇಲೆ ಅನ್ನುತ್ತಾರೆ, ಇನ್ನೊಂದು ಸಲ ಕೆಳಗೆ... ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ನಕ್ಕುಬಿಟ್ಟೆ.

"ಅಕ್ಕ, ಅವು ಎರಡೂ ಒಂದೇ ಸ್ವರ. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ. ನಿಮ್ಮ ಕಿವಿಯನ್ನು ಅಷ್ಟೊಂದು ನಂಬಬೇಡಿ."

"ಹೌದಾ?" ಅಂದಿರಿ. ಅಷ್ಟೇ. ಹೆಡ್‌ಫೋನ್ ತೆಗೆದು, ತಂತಿಯನ್ನು ನೀಟಾಗಿ ಸುತ್ತಿ ನನ್ನ ಕೈಗೆ ಕೊಟ್ಟಿರಿ.

ಮರುವಾರ ಅಡುಗೆಮನೆಗೆ ಬಂದಾಗ ನೀವು ಗ್ರೈಂಡರಿನ ಮುಂದೆ ನಿಂತು ಹಿಟ್ಟಿಗೆ ಬೆರಳು ಅದ್ದಿ ನೋಡುತ್ತಿದ್ದಿರಿ. ಶುಕ್ರವಾರ ಶ್ರುತಿಪೆಟ್ಟಿಗೆಯನ್ನು ಯಜಮಾನರ ಮುಂದೆ ಸರಿಸಿ, "ನೀವೇ ನೋಡಿ, ನನ್ನ ಕಿವಿ ಸರಿ ಇಲ್ಲವಂತೆ" ಅಂದು ಕೊನೆಯ ಸಾಲಿಗೆ ಹೋಗಿ ಕೂತಿರಿ. ಯಜಮಾನರು ಎಂದಿನಂತೆ ಜಾರಿಸಿದರು. ನಿಮ್ಮ ಹುಬ್ಬು ಏರಲಿಲ್ಲ. ಅವರು ಎರಡು ಸಲ ತಿರುಗಿ ನಿಮ್ಮನ್ನು ಹುಡುಕಿದರು. ನಾನದನ್ನು ಕಂಡೆ — ಸುಮ್ಮನೆ ತಾಳ ಹಾಕುತ್ತಾ ಕೂತೆ.

ಅಲ್ಲಿಯವರೆಗಿನದು ಅಜ್ಞಾನ ಅಂತಲೇ ಇಟ್ಟುಕೊಳ್ಳಿ. ಮುಂದಿನದು ಹಾಗಲ್ಲ.

ಪ್ರಬಂಧ ಒಪ್ಪಿಸಲು ಮೂರು ವಾರವಿದೆ ಅನ್ನುವಾಗ ಸ್ವರಗಳನ್ನೆಲ್ಲ ಸಿಡಿಗೆ ಹಾಕುತ್ತಾ ಒಂದೊಂದೇ ಫೈಲಿನ ವಿವರ ನೋಡುತ್ತಿದ್ದೆ. ಸ್ವರವನ್ನು ಸೆಕೆಂಡಿಗೆ ನಲವತ್ತನಾಲ್ಕು ಸಾವಿರದ ನೂರು ಚೂರುಗಳ ವೇಗದಲ್ಲಿ ನುಡಿಸು ಅಂತ ಕಂಪ್ಯೂಟರಿಗೆ ಬರೆದು ಹೇಳಬೇಕು. ನಾನು ಒಂದೇ ಅಂದುಕೊಂಡಿದ್ದ ಆ ಜೋಡಿಯ ಎರಡನೇ ಸ್ವರಕ್ಕೆ ಬರೀ ನಲವತ್ತನಾಲ್ಕು ಸಾವಿರ ಅಂತ ಟೈಪ್ ಮಾಡಿದ್ದೆ. ಆ ನೂರು ಬಿಟ್ಟುಹೋಗಿತ್ತು. ಅದೇ ಸ್ವರ, ಒಂದಿಷ್ಟೇ ನಿಧಾನವಾಗಿ ನುಡಿದು — ಕೂದಲೆಳೆ ಕೆಳಗೆ. ಆ ಜೋಡಿಯನ್ನು ನಮ್ಮ ಗೈಡ್ ಸರ್ ಕೇಳಿದ್ದರು, ಸಂಗೀತ ಕಲಿಯುವ ಹುಡುಗಿಯರು ಕೇಳಿದ್ದರು, ನಾನು ಅದೆಷ್ಟು ಸಲವೋ ಕೇಳಿದ್ದೆ. ಅದು ತಿಳಿದದ್ದು ನಿಮಗೊಬ್ಬರಿಗೇ.

ಆಗಲೇ ನಿಮ್ಮ ಹತ್ತಿರ ಓಡಿ ಬಂದು ಹೇಳಬೇಕಿತ್ತು. ಹೇಳಿದರೆ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಮಾಡಬೇಕು, ಒಂದು ವರ್ಷ ನೀರಲ್ಲಿ ಹೋಮ... ನಾನು ಬಾಗಿಲು ಹಾಕಿಕೊಂಡು ಆ ಫೈಲನ್ನು ಅಳಿಸಿದೆ. ಸರಿಯಾದದ್ದನ್ನು ಅದರ ಜಾಗದಲ್ಲಿಟ್ಟೆ. ಪ್ರಬಂಧದಲ್ಲಿ ಒಂದು ವಾಕ್ಯ ಬರೆದೆ: "ಒಬ್ಬ ಕೇಳುಗರ ಉತ್ತರಗಳು ವಿಶ್ವಾಸಾರ್ಹವಲ್ಲದ ಕಾರಣ ಕೈಬಿಡಲಾಗಿದೆ." ಆ ಒಬ್ಬ ಕೇಳುಗರು ನೀವು, ಅಕ್ಕ.

ಡಿಗ್ರಿ ಬಂದ ದಿನ ನೀವು ನನಗಾಗಿ ಕಾಯಿ ಹೋಳಿಗೆ ಮಾಡಿದಿರಿ. ತುಪ್ಪ ಬಡಿಸುತ್ತಾ ಕೇಳಿದಿರಿ — "ನನ್ನದು ಎಂತಕ್ಕೂ ಉಪಯೋಗಕ್ಕೆ ಬರಲಿಲ್ಲ, ಅಲ್ವಾ?"

"ಇಲ್ಲ ಅಕ್ಕ" ಅಂದೆ. ಬಾಯಲ್ಲಿ ಹೋಳಿಗೆ ಇತ್ತು. "ಹೋಗಲಿ ಬಿಡು, ನಿನ್ನ ಕೆಲಸ ಆಯ್ತಲ್ಲ" ಅಂತ ತಲೆ ಸವರಿ, ಇನ್ನೊಂದು ಬಡಿಸಿದಿರಿ. ಅದನ್ನೂ ತಿಂದೆ.

ಈಗ ನಾನು ವಡೋದರಾದಲ್ಲಿ ಪಾಠ ಹೇಳುತ್ತೇನೆ. ಹೋಟೆಲು ಬಿಟ್ಟುಕೊಟ್ಟು ನೀವಿಬ್ಬರೂ ಸೂರತ್ತಿಗೆ, ಕತಾರ್‌ಗಾಮಿನ ಮಗಳ ಮನೆಗೆ ಹೋದಿರೆಂದು ಗೊತ್ತಿತ್ತು. ಪ್ರತಿ ದೀಪಾವಳಿಗೂ ಫೋನು ಮಾಡುತ್ತಿದ್ದೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡುತ್ತಿದ್ದೆ. ಆ ಎರಡು ಸ್ವರಗಳನ್ನು ಮತ್ತೆ ತಯಾರಿಸಿ ಇಟ್ಟುಕೊಂಡಿದ್ದೆ — ಒಂದು ದಿನ ತಂದು ಕೇಳಿಸುತ್ತೇನೆ, ನೀವು "ಎರಡನೆಯದು ಕೆಳಗೆ" ಅನ್ನುತ್ತೀರಿ, ಆಗ ಕಾಲು ಹಿಡಿಯುತ್ತೇನೆ ಅಂತ ಏನೇನೋ ಕನಸು.

ಈ ದೀಪಾವಳಿಗೆ ಫೋನು ಎತ್ತಿದ್ದು ನಿಮ್ಮ ಅಶ್ವಿನಿ. "ದೀದಿ, ಮಮ್ಮಿಗೆ ಈಗ ಕೇಳುದಿಲ್ಲ. ಮಶೀನ್ ಹಾಕಿದ್ರೂ ಥೋಡಾ ಥೋಡಾ. ನಾವು ಬೇಜಾರು ಮಾಡಿದ್ರೆ ಮಮ್ಮೀನೇ ಸಮಾಧಾನ ಮಾಡ್ತಾಳೆ — ನನ್ನ ಕಿವಿ ಮೊದಲಿಂದ್ಲೇ ಖರಾಬ್, ಕಾಲೇಜಲ್ಲಿ ಟೆಸ್ಟ್ ಮಾಡಿ ಹೇಳಿದ್ದಾರೆ ಅಂತ."

ಮೊದಲಿಂದಲೇ! ಅಯ್ಯೋ ಅಕ್ಕ... ಫೋನು ಇಟ್ಟು ಮಗುವಿನ ಹಾಗೆ ಅತ್ತೆ. ಅತ್ತದ್ದರಿಂದ ಏನಾಗಬೇಕು? ಕೇಳಿಸಿ ತೋರಿಸುವ ಕಾಲವನ್ನು ನಾನೇ ಕೈಯಾರೆ ಕಳೆದೆ.

ಅದಕ್ಕೇ ಇದನ್ನು ಇಷ್ಟು ದಪ್ಪ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ. ಅಶ್ವಿನಿಗೆ ಕನ್ನಡ ಓದಲು ಬಾರದು, ನೀವೇ ಓದಬೇಕು. ನಾನು ಕೆಲಸ ಮಾಡುವ ಕಡೆಗೂ, ಪ್ರಬಂಧ ಒಪ್ಪಿಸಿದ ಕಡೆಗೂ ನಡೆದದ್ದನ್ನು ನಿನ್ನೆಯೇ ಬರೆದು ಕಳಿಸಿದ್ದೇನೆ. ಭಾನುವಾರ ಬೆಳಗಿನ ಗಾಡಿಗೆ ಬರುತ್ತೇನೆ. ಕಾಗದವನ್ನು ನಿಮ್ಮ ಕೈಗೆ ಕೊಟ್ಟು, ಓದಿ ಮುಗಿಯುವ ತನಕ ಎದುರಿಗೇ ಕೂತಿರುತ್ತೇನೆ. ಆಮೇಲೆ ನಿಮಗೆ ಏನನ್ನಿಸುತ್ತದೋ ಅದನ್ನು ಅನ್ನಿ, ಅಕ್ಕ. ನನಗೆ ಇನ್ನೂ ಕಿವಿ ಕೇಳಿಸುತ್ತದೆ.