ಬೀಜದ ಮುಡೆಯೊಳಗಿನ ನಾಣ್ಯ

ಕೊರೊನಾ ಕಳೆದ ಮರುವರ್ಷ, ಮಳೆಗಾಲಕ್ಕೆ ಇನ್ನೂ ಕೆಲವು ದಿನ ಇರುವಾಗ ನಡೆದದ್ದು ಇದು. ಮಲ್ಲಾಪುರದಿಂದ ಕೈಗಾಕ್ಕೆ ನೌಕರರ ಬಸ್ಸು ಓಡಿಸುತ್ತಿದ್ದ ನಾನು ನಿವೃತ್ತನಾಗಿ ಅಂಕೋಲೆಗೆ ಬಂದು ನೆಲೆಸಿದ್ದೆ. ಇದನ್ನು ಬರೆಯಬೇಡಿ ಎಂದು ಮನೆಯವರೂ ಹೇಳಿದರು, ನಾಣ್ಯ ಕೂಡಿಸುವ ಗೆಳೆಯರೂ ಹೇಳಿದರು. ಆದರೂ ಬರೆಯುತ್ತಿದ್ದೇನೆ.

ನನಗೆ ತೆನೆ ಇರುವ ನಾಣ್ಯಗಳ ಹುಚ್ಚು. ಎರಡು ತೆನೆಗಳ ರೂಪಾಯಿಯಿಂದ ಶುರುವಾದದ್ದು ಪ್ರಾಚೀನ ನಾಣ್ಯಗಳವರೆಗೆ ಬೆಳೆಯಿತು. ಗೂಳಿಯ ಪಕ್ಕ ತೆನೆ ಇರುವ ತಾಮ್ರದ್ದು ನನ್ನ ಬಳಿ ಇತ್ತು. ಬಾರ್ಲಿಯ ತೆನೆ ಇರುವ ಬೆಳ್ಳಿಯದನ್ನು ಅಂಚೆಯಲ್ಲಿ ತರಿಸಿದ್ದೆ. ಅದು ನಕಲಿಯೂ ಇರಬಹುದು. ಆದರೆ ಭತ್ತದ ತೆನೆ ಇರುವ ಹಳೆಯ ನಾಣ್ಯ ಒಂದೂ ಇರಲಿಲ್ಲ. ಮೂರು ಹೊತ್ತೂ ಅನ್ನ ಉಣ್ಣುವವನಿಗೆ ಅದೊಂದು ಕೊರಗು.

ನಮ್ಮ ಮನೆಗೆ ತೆಂಗಿನಕಾಯಿ ಕೊಯ್ಯಲು ಬರುತ್ತಿದ್ದ ದೇವು ಒಮ್ಮೆ ನನ್ನ ಪೆಟ್ಟಿಗೆ ನೋಡಿ ನಕ್ಕ. "ಇದಕ್ಕೆ ಇಷ್ಟು ಒದ್ದಾಡ್ತ್ರಾ? ನಮ್ಮನೇಲೂ ಒಂದದೆ. ಭತ್ತದ ತೆನೆ ಬಾಗಿದ್ದು. ಬೀಜದ ಮುಡೆ ಒಳಗೆ ಇಡ್ತೇವೆ."

ಮರುದಿನವೇ ಅವನ ಹಳ್ಳಿಗೆ ಹೋದೆ. ಬಿತ್ತನೆಯ ಭತ್ತವನ್ನು ಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದ ಚೆಂಡಿನ ಹಾಗೆ ಬಿಗಿದು ಇಡುವುದೇ ಮುಡೆ. ದೇವುವಿನ ಮನೆಯಲ್ಲಿ ಅದರ ಬಾಯಿ ಕಟ್ಟುವ ಮೊದಲು ಮೇಲೊಂದು ಹಳೆಯ ತಾಮ್ರದ ನಾಣ್ಯ ಇಡುತ್ತಾರೆ. ಆ ವರ್ಷ ಮುಡೆ ಕಟ್ಟಿದವಳು ದೇವುವಿನ ಹೆಂಡತಿ ನಾಗಿ. ಅವಳು ಅಂಕೋಲೆಯ ಎರಡು ಮನೆಗಳಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು.

ನಾಣ್ಯ ತೋರಿಸಿ ಎಂದೆ. ದೇವುವಿನ ತಾಯಿ ಸೋಮಿ ಒಪ್ಪಲಿಲ್ಲ.

"ಮುಡೆ ಬಿಚ್ಚೂದು ಬಿತ್ತೂ ದಿನ. ಅದ್ರ ಮೊದ್ಲು ದೇವ್ರು ಬಂದು ಕೇಳಿದ್ರೂ ಇಲ್ಲ. ನೀವು ದೇವ್ರಿಗಿಂತ ದೊಡ್ಡೋರೇನ್ರಾ ಡ್ರೈವರ್ರೆ?" ಎಂದು ನಗುತ್ತ ಚಹಾ ಮಾಡಲು ಒಳಗೆ ಹೋದಳು.

ಬರುವ ಭಾನುವಾರ ಕಾರವಾರದಲ್ಲಿ ನಮ್ಮ ಕೂಟದ ನಾಣ್ಯ ಪ್ರದರ್ಶನವಿತ್ತು. ದೇವು ಹಿತ್ತಲಲ್ಲಿದ್ದ, ನಾಗಿ ಕೆಲಸಕ್ಕೆ ಹೋಗಿದ್ದಳು. ಪಕ್ಕದಲ್ಲೇ ಇದ್ದ ಮುಡೆಯ ಹಗ್ಗದ ಸಂದಿನಲ್ಲಿ ಬೆರಳು ತೂರಿಸಿ, ಹುಲ್ಲು ಸರಿಸಿ, ನಾಣ್ಯ ಎಳೆದು ಜೇಬಿಗೆ ಹಾಕಿದೆ. ಚಹಾ ಕುಡಿದೆ. ಚೆನ್ನಾಗಿದೆ ಎಂದೂ ಹೇಳಿದೆ. ಬಿತ್ತನೆಗೆ ದಿನವಿದೆ, ಅಷ್ಟರೊಳಗೆ ಮರಳಿ ಇಟ್ಟರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಇಂಥ ಮಾತಿಗೆ ಕಳ್ಳತನ ಎಂದೇ ಹೆಸರು.

ಕಾರವಾರದಲ್ಲಿ ಎಲ್ಲರೂ ನನ್ನ ಮೇಜಿನ ಸುತ್ತ ನೆರೆದರು. ಇದು ಭತ್ತವೇ ಎಂದು ಕೆಲವರು, ಬರೀ ಗೀರು ಎಂದು ಕೆಲವರು. ಖುಷಿಯಲ್ಲಿ ಅಲ್ಲೇ ಇರುವ ಮಗಳ ಮನೆಯಲ್ಲಿ ಇನ್ನೂ ಕೆಲವು ದಿನ ಉಳಿದೆ. ಅಷ್ಟರಲ್ಲಿ ಮಳೆ ಬೇಗ ಹಿಡಿಯಿತು.

ನಾನು ದೇವುವಿನ ಮನೆಗೆ ಮರಳಿದಾಗ ಬಿತ್ತನೆ ಮುಗಿದಿತ್ತು. ಅಂಗಳದಲ್ಲಿ ಅಕ್ಕಪಕ್ಕದವರು ಸೇರಿದ್ದರು. ಸೋಮಿ ಸೊಸೆಯ ಮೇಲೆ ಕೂಗುತ್ತಿದ್ದಳು. "ಕಟ್ಟಿದ್ದು ಯಾರು? ನೀನು. ನಾಣ್ಯ ಇಟ್ಟದ್ದು ಯಾರು? ನೀನು. ಮತ್ತೆ ಅದಕ್ಕೆ ಕಾಲು ಬಂತಾ?"

"ನನ್ನ ಟ್ರಂಕು ನೋಡಿ, ಸೆರಗಿನ ಗಂಟು ಬಿಚ್ಚಿ ನೋಡಿ" ಎಂದಳು ನಾಗಿ. "ನಾನಂತೂ ಅಳೂದಿಲ್ಲ. ಅತ್ತ್ರೆ ಕದ್ದದ್ದು ಹೌದು ಅಂತ್ರಿ."

ಸುದ್ದಿ ಆಗಲೇ ಪೇಟೆಗೂ ಹೋಗಿತ್ತು. ಕೆಲಸದ ಮನೆಯವರು ಸದ್ಯ ಬರಬೇಡ ಎಂದಿದ್ದರು. ಮಲ್ಲಾಪುರದ ಕಡೆಯ ಅವಳ ತವರಿಗೂ ಯಾರೋ ಫೋನು ಮಾಡಿದ್ದರು.

ಬಿಚ್ಚಿದ ಮುಡೆಯ ಹುಲ್ಲು ಮೂಲೆಯಲ್ಲಿ ರಾಶಿ ಬಿದ್ದಿತ್ತು. ಎಲ್ಲೋ ಬಿದ್ದಿರಬೇಕು, ಹುಡುಕೋಣ ಎನ್ನುತ್ತ ಬಗ್ಗಿ, ನಾಣ್ಯವನ್ನು ಅದರೊಳಗೆ ಜಾರಿಸಿದೆ. ಸ್ವಲ್ಪ ಹೊತ್ತಿಗೆ ಸೋಮಿಯ ಕೈಗೇ ಅದು ಸಿಕ್ಕಿತು. ಎಲ್ಲ ಮುಗಿಯಿತು ಎಂದು ಉಸಿರು ಬಿಟ್ಟೆ.

ಮುಗಿಯಲಿಲ್ಲ. "ನಿನ್ನೆ ಈ ಹುಲ್ಲು ನಾನೇ ಜಾಲಾಡಿದ್ದೆ. ಆಗ ಇರ್ಲಿಲ್ಲ" ಎಂದಳು ಸೋಮಿ. ಪಕ್ಕದ ಮನೆಯ ಹೆಂಗಸು, "ಹೆದ್ರಿಕಂಡು ತಂದು ಹಾಕಿದ್ಲು, ಮತ್ತೆಂತ!" ಎಂದಳು. ದೇವು ಕೂಡ ತಲೆ ತಗ್ಗಿಸಿದ. ಅಲ್ಲಿಯವರೆಗೆ ಬರೀ ಅನುಮಾನವಿತ್ತು. ಅದಕ್ಕೆ ಸಾಕ್ಷಿ ಒದಗಿಸಿದವನು ನಾನು.

ನಾಗಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. "ಹೌದಾ? ಹಾಗಾದ್ರೆ ಪೋಲೀಸ್ರನ್ನ ಕರೀರಿ. ನಾನಿಲ್ಲೇ ಕೂತೆ" ಎಂದು ಅಂಗಳದ ನಡುವೆ ಕೂತುಬಿಟ್ಟಳು.

"ನಾನು ತೆಗೆದದ್ದು" ಎಂದೆ.

ಯಾರಿಗೂ ಕೇಳಿಸಲಿಲ್ಲ. ನಾಗಿಗೆ ಕೇಳಿಸಿತು.

"ಇನ್ನೊಂದ್ಸಲ ಹೇಳಿ. ಜೋರಾಗಿ."

ಹೇಳಿದೆ. ಸಂದಿನಲ್ಲಿ ಬೆರಳು ತೂರಿಸಿದಲ್ಲಿಂದ ಈಗ ಹುಲ್ಲಿನಲ್ಲಿ ಹಾಕಿದಲ್ಲಿಯವರೆಗೆ ಎಲ್ಲವನ್ನೂ ಹೇಳಿ, ತಪ್ಪಾಯ್ತು ತಂಗಿ ಎಂದು ಕೈ ಮುಗಿದೆ. ಅವಳು ಕೈಯನ್ನು ನೋಡಲೂ ಇಲ್ಲ.

"ತಪ್ಪಾಯ್ತು ಅಂದದ್ದು ಯಾರಿಗೆ ಕೇಳ್ತು? ಈ ಅಂಗಳಕ್ಕೆ. ನನ್ನ ಹೆಸ್ರು ಈ ಅಂಗಳದಲ್ಲೇ ನಿಂತದ್ಯಾ? ಚಪ್ಪಲಿ ಹಾಕಳಿ, ನಡೀರಿ."

ಅವಳು ಮುಂದೆ, ನಾನು ಹಿಂದೆ. ಕೇರಿಯ ಮನೆ ಮನೆಯ ಬಾಗಿಲಲ್ಲಿ ನಿಂತು, ಕದ್ದವನು ನಾನು ಎಂದು ಹೇಳಿದೆ. ಅಂಗಡಿಯವನು, "ಈ ವಯಸ್ಸಲ್ಲಿ ಎಂಥ ಕೆಲ್ಸ ಹಿಡಿದ್ರಿ ಮಾರಾಯ್ರೆ!" ಎಂದು ನಕ್ಕ. ಪೇಟೆಯಲ್ಲಿ ಕೆಲಸದ ಮನೆಯಾಕೆ ನಾನು ಮಾತು ಮುಗಿಸುವ ಮೊದಲೇ, "ಹೋಗ್ಲಿ ಬಿಡು ನಾಗಿ, ನಾಳೆಯಿಂದ ಬಾ" ಎಂದಳು. "ಬರೂದು ಬಿಡೂದು ನಾ ನೋಡ್ತೆ. ನೀವು ಮೊದ್ಲು ಕೇಳಿ" ಎಂದಳು ನಾಗಿ.

ಮರುದಿನ ಬಸ್ಸು ಹತ್ತಿ ಅವಳ ತವರಿಗೆ ಹೋದೆವು. ನನ್ನನ್ನು ಬಲ್ಲ ಊರು ಅದು. ನನ್ನ ಬಸ್ಸಿಗೆ ಕಾಯುತ್ತಿದ್ದವರೇ ನಿಂತು ನೋಡಿದರು. ಅವಳ ಅಣ್ಣ ಪಾಪದವನು. "ಆದದ್ದಾಯ್ತು, ಕೂತ್ಕಳಿ, ಚಾ ಕುಡೀರಿ" ಎಂದ. "ಅವ್ರು ಹೇಳೂದು ಮುಗೀಲಿ. ಚಾ ಆಮೇಲೆ" ಎಂದಳು ನಾಗಿ. ನಿಂತೇ ಹೇಳಿದೆ. ಅಂದು ಅವಳಿಗಿದ್ದಷ್ಟು ಧೈರ್ಯ ನನಗೆ ಇಡೀ ಆಯುಷ್ಯದಲ್ಲಿ ಇರಲಿಲ್ಲ.

ಆ ನಾಣ್ಯ ಎಷ್ಟು ಹಳೆಯದೋ ನನಗೆ ಇಂದಿಗೂ ಗೊತ್ತಿಲ್ಲ. ಇನ್ನು ಕೇಳುವುದೂ ಇಲ್ಲ. ನಾಗಿ ನನ್ನನ್ನು ಕ್ಷಮಿಸಿಲ್ಲ, ಕ್ಷಮಿಸಬೇಕೆಂದು ನಾನು ಕೇಳುವುದೂ ಇಲ್ಲ. ಇದು ಅಚ್ಚಾದರೆ ನಮ್ಮ ಕೂಟದ ಮಾನ ಹೋಗುತ್ತದೆ ಎಂದರು ಗೆಳೆಯರು. ಹೋಗಲಿ. ಅವಳ ಮಾನ ಹೋದಾಗ ಯಾರೂ ಬಂದು ತಡೆಯಲಿಲ್ಲ.

ಬರೆಯುವ ಮೊದಲು ನಾಗಿಯ ಬಳಿ ಹೋಗಿ, ಹೆಸರು ಬದಲಿಸಲೇ ಎಂದು ಕೇಳಿದೆ.

"ಕಳ್ಳಿ ಅನ್ನೂವಾಗ ಹೆಸ್ರು ಹಿಡ್ದೇ ಅಂದಿದ್ರು. ಈಗ ಎಂತಕ್ಕೆ ಮುಚ್ಚೂದು? ಹಾಕಿ" ಎಂದಳು.

ಹಾಕಿದ್ದೇನೆ.