ಯಾರ ಮನೆಯ ಊಟ

ಮಿಸಿಸಿಪ್ಪಿಯ ನಮ್ಮ ಚರ್ಚಿನ ಊಟದ ಕೋಣೆಯಲ್ಲಿ ಪ್ರೂಯಿಟ್ ಎಂಬ ನಿವೃತ್ತ ಅಂಚೆಯಣ್ಣ ಬಡವರು ವರ್ಷವರ್ಷ ಸರ್ಕಾರಕ್ಕೆ ಕಳಿಸಬೇಕಾದ ತೆರಿಗೆ ಪತ್ರಗಳನ್ನು ಪುಕ್ಕಟೆ ತುಂಬಿಕೊಡುತ್ತಿದ್ದರು. ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ವರ್ಲೀನಜ್ಜಿ ಅವರನ್ನು ಮೊದಲು ಕಂಡದ್ದು ತಮ್ಮ ಪತ್ರ ತೆರಿಗೆ ಇಲಾಖೆಯಿಂದ ತಿರಸ್ಕಾರವಾಗಿ ಬಂದ ದಿನ. ಇಪ್ಪತ್ತರ ಮೊಮ್ಮಗಳು ಡೆಲ್ಫೀನಳನ್ನು ತಾವೇ ಸಾಕುತ್ತಿದ್ದೇವೆಂದು ತೋರಿಸದಿದ್ದರೆ, ಸೋರುವ ಸೂರಿಗೆಂದು ನೆಚ್ಚಿಕೊಂಡಿದ್ದ, ಸರ್ಕಾರ ಮರಳಿಸುವ ತೆರಿಗೆ ಹಣ ಕೈಗೆ ಬರುವಂತಿರಲಿಲ್ಲ.

“ಇವ್ಳು ಕೋಳಿ ಕರಿಯೋ ಅಂಗಡೀಲಿ ದುಡೀತಾಳೆ. ಅದಕ್ಕೇ ನನ್ನ ಲೆಕ್ಕಕ್ಕೆ ಬರಲ್ವೇನೋ” ಎಂದರು ಅಜ್ಜಿ, ಜೊತೆಗೆ ಬಂದಿದ್ದ ಮೊಮ್ಮಗಳನ್ನು ತೋರಿಸಿ.

“ದುಡಿದ್ರೇನಂತೆ, ದಿನಾ ಕಾಲೇಜಿಗೆ ಹೋಗ್ತಾಳಲ್ಲ. ಉಣ್ಣೋದು, ಮಲಗೋದು ಎಲ್ಲಿ?” ಎಂದು ಕೇಳಿದರು ಪ್ರೂಯಿಟ್.

“ನನ್ನ ಮನೇಲೇ. ಸಂಬಳ ಮಾತ್ರ ಬೂಟಿನ ಅಂಗಡಿಗೆ.”

ಡೆಲ್ಫೀನ್ ತಲೆ ತಗ್ಗಿಸಿದಳು. ಅವಳು ಫೋನಿನಲ್ಲಿ ತನ್ನ ಪತ್ರವನ್ನು ಮೊದಲೇ ಕಳಿಸಿ, ತನ್ನನ್ನು ಯಾರೂ ಸಾಕುತ್ತಿಲ್ಲ ಎಂದು ಗುರುತು ಹಾಕಿಬಿಟ್ಟಿದ್ದಳು; ಅಜ್ಜಿಯ ಪತ್ರ ತಿರಸ್ಕಾರವಾದದ್ದು ಅದಕ್ಕೇ.

“ಸ್ವಂತ ದುಡಿಮೆ ಅಲ್ವಾ ಅಂತ ಹಾಕ್ದೆ, ಬ್ರದರ್ ಪ್ರೂಯಿಟ್” ಎಂದಳು, ಚರ್ಚಿನವರು ಒಬ್ಬರನ್ನೊಬ್ಬರು ಬ್ರದರ್, ಸಿಸ್ಟರ್ ಎನ್ನುವ ರೂಢಿಯಂತೆ.

“ಹಾಕುವಾಗ ಬಾಯಲ್ಲಿ ಅಜ್ಜಿ ಮಾಡಿದ ರೊಟ್ಟಿ ಇತ್ತೇನಮ್ಮ?”

ಪ್ರೂಯಿಟ್ ಅವಳ ಪತ್ರವನ್ನು ಅಲ್ಲೇ ತಿದ್ದಿಸಿ, ಅಜ್ಜಿಯದನ್ನು ಮತ್ತೆ ಕಳಿಸಿದರು. ಬೇಸಿಗೆಗೆ ಹಣ ಬಂದು ಸೂರು ರಿಪೇರಿಯಾಯಿತು. ಅಂದಿನಿಂದ ಪ್ರೂಯಿಟ್ ಅವರಿಗೆ ಭಾನುವಾರದ ಊಟ ಅಜ್ಜಿಯ ಮನೆಯಲ್ಲೇ. ಮೊನ್ನೆ ಸಿಹಿಗೆಣಸಿನ ಪೈ ಎಂಬ ಸಿಹಿತಿಂಡಿಯ ಮೂರನೇ ತುಂಡಿಗೆ ಕೈಹಾಕುತ್ತ ಅವರು ಕೇಳಿದರು: “ಸಿಸ್ಟರ್ ವರ್ಲೀನ್, ಮುಂದಿನ ವರ್ಷ ನನ್ನನ್ನೂ ನಿಮ್ಮ ಪತ್ರಕ್ಕೆ ಸೇರಿಸ್ಕೊಳ್ತೀರಾ?”